ಗಾಳಿ ನಿಂತ ಮೇಲೆ

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯನ್ನು ಕಣದಲ್ಲಿ ನಿಂತು ಹೇಳಿದರೆ ಅದು ಬುದ್ಧಿಮಾತು. ರಾಗಿ ಒಕ್ಕಣೆಯ ದಿನ ಗಾಳಿ ಬೀಸಿದಾಗ ಮೊರ ಎತ್ತದವಳು ಸಂಜೆಗೆ ಹೊಟ್ಟನ್ನೂ ಕಾಳನ್ನೂ ಒಟ್ಟಿಗೇ ಮನೆಗೆ ಹೊತ್ತು ತರಬೇಕಾಗುತ್ತದೆ. ಅದೇ ಗಾದೆಯನ್ನು ಒಬ್ಬ ಮನುಷ್ಯನ ಮೇಲೆ ಹೇಳಿದರೆ ಮಾತ್ರ ಬೈಗುಳ. ಸಮಯಸಾಧಕ, ಬಣ್ಣ ಬದಲಿಸುವವ ಎಂದು ಅರ್ಥ. ಹಾಡುಗಾರರ ಮೇಲೆ ಈ ಬೈಗುಳ ಬಿದ್ದಷ್ಟು ಬೇರೆ ಯಾರ ಮೇಲೂ ಬಿದ್ದಿರಲಾರದು. ನಿನ್ನೆಯವರೆಗೆ ಪ್ರೇಮಗೀತೆ ಹಾಡುತ್ತಿದ್ದವನು ಇವತ್ತು ನಾಡು, ನುಡಿ, ನ್ಯಾಯ ಎಂದು ಹಾಡತೊಡಗಿದರೆ ನಮಗೆ ಮೊದಲು ಬರುವುದು ಅನುಮಾನವೇ.

ನನಗೆ ಈ ವಿಚಾರ ತಲೆಗೆ ಹತ್ತಿಸಿದವನು ನನ್ನ ತಂಗಿಯ ಮಗ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಭಾನುವಾರ ನಂಜನಗೂಡಿಗೆ ಬಂದರೆ ಊಟಕ್ಕಿಂತ ಹೆಚ್ಚಾಗಿ ಕಿವಿಗೆ ಸಿಕ್ಕಿಸಿಕೊಂಡ ಹಾಡೇ ಅವನಿಗೆ ಆಹಾರ. ಒಮ್ಮೆ ಅವನು ಲಂಡನ್ನಿನ 'ದಿ ಕ್ಲಾಶ್' ಎಂಬ ತಂಡದ ಕಥೆ ಹೇಳಿದ. 1976ರಲ್ಲಿ ಹುಟ್ಟಿದ ತಂಡವಂತೆ. ಹರಿದ ಬಟ್ಟೆ, ಒರಟು ದನಿ, ಎರಡು ಮೂರು ಪಟ್ಟುಗಳಲ್ಲಿ ಮುಗಿಯುವ ಹಾಡು. ಅದಕ್ಕೆ ಪಂಕ್ ಎಂದು ಹೆಸರು. ಮರುವರ್ಷವೇ ಇವರು ಸಿಬಿಎಸ್ ಎಂಬ ದೊಡ್ಡ ಕಂಪನಿಗೆ ಸಹಿ ಹಾಕಿದಾಗ, ಪಂಕ್ ಇವತ್ತಿಗೆ ಸತ್ತಿತು ಎಂದು ಅವರ ಕಡೆಯವರೇ ಹಳಿದರಂತೆ. ಮುಖ್ಯ ಹಾಡುಗಾರ ಜೋ ಸ್ಟ್ರಮ್ಮರ್ ರಾಯಭಾರ ಕಚೇರಿಯ ಅಧಿಕಾರಿಯ ಮಗ, ವಸತಿಶಾಲೆಯಲ್ಲಿ ಓದಿದವನು. ಅಂಥವನು ಬಡವರ ಪರ ಹಾಡಿದರೆ ಯಾರು ನಂಬುತ್ತಾರೆ? ಆದರೆ ಇದೇ ತಂಡ 1978ರ ಏಪ್ರಿಲ್‌ನಲ್ಲಿ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣದ್ವೇಷದ ವಿರುದ್ಧ ನಡೆದ ದೊಡ್ಡ ಸಭೆಯಲ್ಲಿ ಹಾಡಿತು. 1980ರಲ್ಲಿ ಮೂರು ತಟ್ಟೆಗಳ ಆಲ್ಬಮ್ಮೊಂದನ್ನು ಕಡಿಮೆ ಬೆಲೆಗೆ ಮಾರಬೇಕೆಂದು ಹಟ ಹಿಡಿದು ತನ್ನ ಗೌರವಧನದಲ್ಲಿ ಕಡಿತವನ್ನೂ ಒಪ್ಪಿಕೊಂಡಿತು.

"ಈಗ ಹೇಳಿ ದೊಡ್ಡಮ್ಮ, ಇವರು ಅಸಲಿಯೋ ನಕಲಿಯೋ?" ಎಂದು ಕೇಳಿದ. ಲಂಡನ್ನಿನವರ ಅಸಲಿತನ ಅಳೆಯಲು ನನ್ನ ಹತ್ತಿರ ಕೊಳಗವೆಲ್ಲಿದೆ? ನಮ್ಮ ಮೈಸೂರಿನಲ್ಲೇ 2002ರಲ್ಲಿ ಶುರುವಾದ 'ಸ್ವರಾತ್ಮ' ತಂಡದ ವಿಷಯದಲ್ಲೂ ಅವನಿಗೆ ಅದೇ ಪ್ರಶ್ನೆಯಿತ್ತು. 2012ರಲ್ಲಿ ಅವರು 'ಟೋಪಿವಾಲೆ' ಎಂಬ ಆಲ್ಬಮ್ ತಂದು ರಾಜಕಾರಣಿಗಳನ್ನು ಅಣಕಿಸಿದ್ದರು. ಆ ಹೊತ್ತು ಭ್ರಷ್ಟಾಚಾರದ ವಿರುದ್ಧ ಊರೂರಲ್ಲಿ ಮೇಣದ ಬತ್ತಿ ಹಿಡಿದು ನಿಲ್ಲುತ್ತಿದ್ದ ಕಾಲ. ಗಾಳಿ ಬಂದಾಗ ತೂರಿದರೆ ಎಂಬುದು ಹುಡುಗನ ಅನುಮಾನ. ನನಗೆ ಆ ಹಾಡುಗಳಲ್ಲಿ ಪ್ರವೇಶವಿಲ್ಲ, ತೀರ್ಪು ಕೊಡಲಾರೆ. ಆದರೆ ಈ ಪ್ರಶ್ನೆಯನ್ನು ನಾನು ಹನ್ನೆರಡು ವರ್ಷದವಳಾಗಿದ್ದಾಗಲೇ ಕೇಳಿದ್ದೆ. ಆಗ ಅದು ಯಾವುದೋ ತಂಡದ ಮೇಲಲ್ಲ, ರಾಜಕುಮಾರರ ಮೇಲೆ ಕೇಳಿದ ಪ್ರಶ್ನೆಯಾಗಿತ್ತು. 1982ನೇ ಇಸವಿ, ಗೋಕಾಕ್ ಚಳವಳಿ.

ಆಗ ನಾವು ತಿರುಮಕೂಡಲು ನರಸೀಪುರದಲ್ಲಿದ್ದೆವು. ನಂಜನಗೂಡಿನ ಕಪಿಲೆ ಬಂದು ಕಾವೇರಿಯನ್ನು ಕೂಡುವ ಊರು. ಸಂಗೀತಕ್ಕೆ ಬರಗಾಲವಿಲ್ಲದ ಊರೂ ಹೌದು, ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಹೆಸರಿನ ಮೊದಲಕ್ಷರ ನಮ್ಮೂರಿನದೇ. ನಾವು ಮಕ್ಕಳು ಶಾಲೆ ಬಿಟ್ಟು ಬರುವಾಗ 'ಗೋಕಾಕ್ ವರದಿ ಜಾರಿಯಾಗಲಿ' ಎಂದು ಗೋಡೆಯ ಮೇಲೆ ಬರೆದದ್ದನ್ನು ನೋಡಿದೆವು. ಭೂಗೋಳದ ಪಾಠದಲ್ಲಿ ಗೋಕಾಕ್ ಎಂದರೆ ಜಲಪಾತ. ಜಲಪಾತಕ್ಕೆ ವರದಿ ಯಾಕೆ, ಅದನ್ನು ಜಾರಿ ಮಾಡುವುದೆಂದರೆ ನೀರು ಬಿಡುವುದೇ ಎಂದು ತರಗತಿಯ ಅರ್ಧ ಮಕ್ಕಳಿಗೆ ಗೊಂದಲ. ಕನ್ನಡ ಮೇಷ್ಟ್ರು ನಗುತ್ತಾ ಬಿಡಿಸಿ ಹೇಳಿದರು.

ನಾನು ಈಗ ನನ್ನ ವಿದ್ಯಾರ್ಥಿಗಳಿಗೆ ಹೇಳುವಂತೆ ಇಲ್ಲೂ ಹೇಳುತ್ತೇನೆ. ಆಗಿನ ಹೈಸ್ಕೂಲಿನಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತವನ್ನೋ ಇನ್ನೊಂದನ್ನೋ ಆರಿಸಿಕೊಂಡು, ಕನ್ನಡದ ಒಂದಕ್ಷರ ಓದದೆ ಎಸ್ಸೆಸ್ಸೆಲ್ಸಿ ದಾಟಲು ದಾರಿ ಇತ್ತು. ಸಂಸ್ಕೃತದಲ್ಲಿ ಅಂಕ ಸುಲಭವಾಗಿ ಬರುತ್ತದೆ ಎಂಬ ನಂಬಿಕೆಯೂ ಇತ್ತು. ಇದನ್ನು ಸರಿಪಡಿಸುವುದು ಹೇಗೆಂದು ನೋಡಲು ಸರ್ಕಾರ 1980ರಲ್ಲಿ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1981ರ ಜನವರಿಯಲ್ಲಿ ವರದಿ ಬಂತು. ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕ ಇರಬೇಕು, ಎಲ್ಲ ಮಕ್ಕಳೂ ಮೂರನೇ ತರಗತಿಯಿಂದ ಕನ್ನಡ ಕಲಿಯಬೇಕು ಎಂಬುದು ಅದರ ತಿರುಳು. ಗುಂಡೂರಾಯರ ಸರ್ಕಾರ ವರದಿಯನ್ನು ಹಾಗೇ ಒಪ್ಪಲು ಹಿಂದೇಟು ಹಾಕಿತು. ಪಾಟೀಲ ಪುಟ್ಟಪ್ಪ, ಚಿದಾನಂದಮೂರ್ತಿ ಮೊದಲಾದ ಹಿರಿಯರು ಲೇಖನ ಬರೆದರು, ಧರಣಿ ಕೂತರು. ಪಂಡಿತರು ಕೂತ ಧರಣಿಗೆ ಎಷ್ಟು ಜನ ಬಂದಾರು? ಅದು ಬೆಂಗಳೂರು, ಧಾರವಾಡ, ಮೈಸೂರುಗಳ ವಿದ್ಯಾವಂತರ ಚಳವಳಿಯಾಗಿಯೇ ಇತ್ತು.

ಆಗ ಅವರು ರಾಜಕುಮಾರರನ್ನು ಕರೆದರು. 1982ರಲ್ಲಿ ಅವರು ಬಂದರು, ಜೊತೆಗೆ ಚಿತ್ರರಂಗವೇ ಬಂತು. ಊರೂರಲ್ಲಿ ಸಭೆಗಳಾದವು. ಪಂಡಿತರ ಚಳವಳಿ ಒಂದೇ ಬೇಸಿಗೆಯಲ್ಲಿ ಜನರ ಚಳವಳಿಯಾಯಿತು.

ನಮ್ಮೂರಿನ ಮಟ್ಟಿಗೆ ಅದು ಹೇಗಿತ್ತೆಂದರೆ, ಒಂದು ಮೆಟಡಾರ್ ವ್ಯಾನಿಗೆ ಎರಡು ಮೈಕು ಕಟ್ಟಿ, ಮುಂದೆ ಅರಿಸಿನ ಕುಂಕುಮ ಬಣ್ಣದ ಬಾವುಟ ಸಿಕ್ಕಿಸಿ, ಹುಡುಗರು ಬೀದಿ ಬೀದಿ ಸುತ್ತುತ್ತಿದ್ದರು. ಘೋಷಣೆ ಎರಡು ನಿಮಿಷ, ಹಾಡು ಹತ್ತು ನಿಮಿಷ. ಎಲ್ಲವೂ ಸಿನಿಮಾ ಹಾಡುಗಳೇ. 'ಮಯೂರ'ದ ಹಾಡಾದ ಮೇಲೆ 'ಶ್ರೀಕೃಷ್ಣದೇವರಾಯ'ದ್ದು, ಅದಾದ ಮೇಲೆ ಯಾರೋ ಮರೆತು ಹಾಕಿದ ಸರಸದ ಹಾಡು, ಅದನ್ನು ನಡುವೆಯೇ ನಿಲ್ಲಿಸಿ ಮತ್ತೆ ಘೋಷಣೆ. ನಮ್ಮವ್ವ ಅಕ್ಕಿ ಆರಿಸುವ ಮೊರ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತಳು. ಅವಳಿಗೆ ಪ್ರಥಮ ಭಾಷೆ ದ್ವಿತೀಯ ಭಾಷೆ ಯಾವುದೂ ಗೊತ್ತಿಲ್ಲ, ಓದು ಬರಹ ಬಾರದವಳು. "ಅಣ್ಣಾವ್ರು ಬೀದಿಗೆ ಬಂದವ್ರೆ ಅಂದ್ರೆ ಏನೋ ಅನ್ಯಾಯ ಆಗೈತೆ ಕನವ್ವ" ಎಂದಳು. ಅಷ್ಟರಲ್ಲಿ ಅವಳ ವರದಿ ಮುಗಿಯಿತು.

ಅಪ್ಪ ಬೇರೆ ಜಾತಿಯ ಮನುಷ್ಯ, ಪೇಪರ್ ಓದುವವರು. ಅವರ ಅನುಮಾನಗಳು ಒಂದೊಂದೂ ಸುಳ್ಳಾಗಿರಲಿಲ್ಲ. ಮೊದಲನೆಯದು, ಕನ್ನಡ ಸಿನಿಮಾದವರಿಗೆ ಕನ್ನಡ ಓದುವ ಜನ ಬೇಕು, ಅದು ಅವರ ಅಂಗಡಿ ವ್ಯವಹಾರ. ಮಾತು ನಿಜವೇ. ಅರವತ್ತರ ದಶಕದಲ್ಲಿ ಡಬ್ಬಿಂಗ್ ಬೇಡವೆಂದು ಹೋರಾಡಿದಾಗಲೂ ಭಾಷೆಯ ಪ್ರೀತಿ ಎಷ್ಟು, ಮಾರುಕಟ್ಟೆಯ ರಕ್ಷಣೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟವಿತ್ತು. ಎರಡನೆಯದು, ಕನ್ನಡದ ಹೆಸರಲ್ಲಿ ಬೀದಿಗಿಳಿದವರ ಮನೆ ಆಗ ಇದ್ದದ್ದು ಮದರಾಸಿನಲ್ಲಿ. ಚಿತ್ರಗಳೂ ಬಹುಮಟ್ಟಿಗೆ ಅಲ್ಲೇ ತಯಾರಾಗುತ್ತಿದ್ದವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪಕ್ಕದ ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್ 1977ರಿಂದ ಮುಖ್ಯಮಂತ್ರಿ. ಆಂಧ್ರದಲ್ಲಿ ಎನ್.ಟಿ. ರಾಮರಾವ್ ಇದೇ 1982ರ ಮಾರ್ಚಿನಲ್ಲಿ ತೆಲುಗು ದೇಶಂ ಪಕ್ಷ ಕಟ್ಟಿದ್ದರು. "ನೋಡ್ತಾ ಇರು, ಇವರದೂ ಒಂದು ಪಕ್ಷ ಬತ್ತದೆ" ಎಂದು ಅಪ್ಪ ಹೇಳುತ್ತಿದ್ದರು. ಇಡೀ ರಾಜ್ಯದಲ್ಲಿ ಎಷ್ಟು ಅಪ್ಪಂದಿರು ಆ ಮಾತು ಹೇಳಿದ್ದರೋ.

ಇನ್ನೂ ಒಂದಿತ್ತು, ಅದನ್ನು ನಾನು ಸೇರಿಸುತ್ತೇನೆ. ಅದೇ 1982ರಲ್ಲಿ ಬಂದ 'ಚಲಿಸುವ ಮೋಡಗಳು' ಚಿತ್ರದಲ್ಲಿ ಕನ್ನಡ ನುಡಿಯನ್ನು ಜೇನಿಗೂ ಹಾಲಿಗೂ ಹೋಲಿಸುವ ಒಂದು ಹಾಡು ರಾಜಕುಮಾರರ ಕಂಠದಲ್ಲಿದೆ. ಬರೆದವರು ಚಿ. ಉದಯಶಂಕರ್, ರಾಗ ಹಾಕಿದವರು ಮೈಸೂರು ಶಿವರಾಂಪೇಟೆಯ ಹುಡುಗರಾಗಿ ಬೆಳೆದ ರಾಜನ್-ನಾಗೇಂದ್ರ. ಬೀದಿಯಲ್ಲಿ ಚಳವಳಿ, ಪರದೆಯ ಮೇಲೆ ಅದೇ ನುಡಿಯ ಹಾಡು, ಟಿಕೆಟ್ಟಿನ ಕಿಟಕಿಯಲ್ಲಿ ನೂಕುನುಗ್ಗಲು. ಗಾಳಿ ಬಂದಾಗ ತೂರಿಕೊಂಡರು ಎಂದು ಹೇಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅಂದಹಾಗೆ ಆ ಚಿತ್ರದ ನಿರ್ದೇಶಕರು ತೆಲುಗು ನಾಡಿನ ಸಿಂಗೀತಂ ಶ್ರೀನಿವಾಸರಾವ್. ಅದಕ್ಕೆ ಮುಂಚೆ ರಾಜಕುಮಾರರ ದನಿಯೇ ಆಗಿಹೋಗಿದ್ದ ಪಿ.ಬಿ. ಶ್ರೀನಿವಾಸರೂ ಆ ಕಡೆಯವರೇ. ಕನ್ನಡದ ಅಭಿಮಾನವನ್ನು ನಮಗೆ ಉಣಿಸಿದವರ ಮನೆಮಾತುಗಳನ್ನು ಲೆಕ್ಕ ಹಾಕಲು ಹೊರಟರೆ ಅಭಿಮಾನಿಗಳೇ ತಬ್ಬಿಬ್ಬಾಗುತ್ತಾರೆ.

ಹೀಗೆ ಸಾಕ್ಷಿಯೆಲ್ಲ ವಿರುದ್ಧವಾಗಿರುವಾಗ ನಾನು ಯಾಕೆ ರಾಜಕುಮಾರರ ಕಡೆ ನಿಲ್ಲುತ್ತೇನೆ ಎಂಬುದನ್ನು ಹೇಳಬೇಕು.

1983ರ ಜನವರಿಯಲ್ಲಿ ಚುನಾವಣೆ ಆಯಿತು. ಆಂಧ್ರದಲ್ಲಿ ರಾಮರಾಯರು ಮುಖ್ಯಮಂತ್ರಿಯಾದರು. ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಸೋತು ರಾಮಕೃಷ್ಣ ಹೆಗಡೆಯವರು ಬಂದರು. ಆ ಸೋಲಿಗೆ 1980ರ ನರಗುಂದ, ನವಲಗುಂದಗಳ ರೈತರ ಬಂಡಾಯ ಎಷ್ಟು ಕಾರಣವೋ ಗೋಕಾಕ್ ಚಳವಳಿಯೂ ಅಷ್ಟೇ ಕಾರಣ ಎನ್ನುತ್ತಾರೆ. ಅಂದರೆ ಗಾಳಿ ಜೋರಾಗಿಯೇ ಬೀಸುತ್ತಿತ್ತು, ಮೊರವೂ ಕೈಯಲ್ಲಿತ್ತು. ಅಪ್ಪ ಕಾಯುತ್ತಿದ್ದ ಪಕ್ಷ ಮಾತ್ರ ಬರಲೇ ಇಲ್ಲ. 1983ರಲ್ಲೂ ಬರಲಿಲ್ಲ, ಅದಾದ ಮೇಲೂ ಬರಲಿಲ್ಲ. ಅದಕ್ಕೆ ಮುಂಚೆ 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಗಾಂಧಿಯವರ ಎದುರು ನಿಲ್ಲಿ ಎಂದು ವಿರೋಧಿಗಳು ಬೆನ್ನು ಬಿದ್ದಾಗಲೂ ಅವರು ಯಾರ ಕೈಗೂ ಸಿಗದೆ ದೂರ ಉಳಿದಿದ್ದರು. 2006ರ ಏಪ್ರಿಲ್ 12ರಂದು ತೀರಿಕೊಳ್ಳುವವರೆಗೆ ಒಂದು ಚುನಾವಣೆಗೂ ನಿಲ್ಲಲಿಲ್ಲ. ಮಂತ್ರಿಯಾಗಬಹುದಾಗಿದ್ದ ಮನುಷ್ಯ 'ಕವಿರತ್ನ ಕಾಳಿದಾಸ'ನಾಗಿ ಮತ್ತೆ ಬಣ್ಣ ಹಚ್ಚಿಕೊಂಡ. ನನ್ನ ಮಟ್ಟಿಗೆ ಇದು ದೊಡ್ಡ ಸಾಕ್ಷಿ. ಹಾಡುಗಾರ ಬೀದಿಗೆ ಬಂದದ್ದು ನಿಜವೋ ಸೋಗೋ ಎಂಬುದನ್ನು ಅವನು ಬಂದ ದಿನ ನೋಡಿ ಹೇಳಲಾಗುವುದಿಲ್ಲ. ಗಾಳಿ ನಿಂತ ಮೇಲೆ ಅವನ ಮನೆಯ ಕಣಜದಲ್ಲಿ ಏನು ತುಂಬಿದೆ ಎಂದು ನೋಡಬೇಕು.

ಇನ್ನೊಂದು ಮಾತು ನನಗೆ, ಮೇಷ್ಟರ ಕೆಲಸದವಳಿಗೆ, ಮುಖ್ಯವಾಗಿ ಕಾಣುತ್ತದೆ. ಶಾಲೆಯ ಪಠ್ಯದ ವಿಚಾರಕ್ಕೆ ರಾಜ್ಯ ಕಂಡ ಅತಿ ದೊಡ್ಡ ಚಳವಳಿಯನ್ನು ಮುನ್ನಡೆಸಿದ ಈ ಮನುಷ್ಯ ಪ್ರಾಥಮಿಕ ಶಾಲೆಯನ್ನೂ ಪೂರೈಸಿರಲಿಲ್ಲ. ನಾಟಕ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಕಂಪನಿ ಎಲ್ಲಿ ಮೊಕ್ಕಾಂ ಹಾಕಿದರೆ ಅಲ್ಲಿ ಮನೆ. ಗುಬ್ಬಿ ವೀರಣ್ಣನವರ ಕಂಪನಿಯೇ ಶಾಲೆ. ಕನ್ನಡವನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಕಂದಪದ್ಯ, ಸೀಸಪದ್ಯಗಳನ್ನು ಬಾಯಿಪಾಠ ಮಾಡಿ, ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳುವ ಹಾಗೆ ಹಾಡಿ ಕಲಿತವರು. ಅವರ ಉಚ್ಚಾರಣೆಯನ್ನು ಕೇಳಿಸಿ ನಾನು ಇವತ್ತಿಗೂ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣ ತಿದ್ದುತ್ತೇನೆ. ಶಾಲೆ ಸಿಗದವನು ಶಾಲೆಗಾಗಿ ಹಾಡಿದ ಎಂದರೆ ಅದನ್ನು ಬರಿಯ ವ್ಯಾಪಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ವ್ಯಾಪಾರ ಇರಲಿಲ್ಲ ಎಂದೂ ಹೇಳುವುದಿಲ್ಲ. ಮದುವೆ ಮನೆಯಲ್ಲಿ ಹಾಡುವ ಸೋಬಾನೆಯವಳಿಗೆ ಎಲೆ ಅಡಿಕೆ ಜೊತೆ ಕಾಸು ಕೊಡುತ್ತೇವೆ, ಅದರಿಂದ ಅವಳ ಹಾರೈಕೆ ಸುಳ್ಳಾಗುತ್ತದೆಯೇ?

ಆದರೆ ಅದೇ ಕಾಲಕ್ಕೆ ನಮ್ಮ ಸೀಮೆಯಲ್ಲಿ ಬೇರೊಂದು ಹಾಡು ಏಳುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಈ ಲೆಕ್ಕ ಮುಗಿಸಿದರೆ ಅನ್ಯಾಯವಾದೀತು.

ಬಿ.ಎ. ಓದಲು ಮೈಸೂರಿಗೆ ಹೋದ ಮೇಲೆ ನಾನು ಸಿದ್ಧಲಿಂಗಯ್ಯನವರ ಹಾಡುಗಳನ್ನು ಮೊದಲ ಸಲ ಕೇಳಿದೆ. ಅವರ 'ಹೊಲೆಮಾದಿಗರ ಹಾಡು' ಸಂಕಲನ 1975ರಲ್ಲೇ ಬಂದಿತ್ತು. ಪುಸ್ತಕ ಕೊಂಡು ಓದಿದವರಿಗಿಂತ ಬೀದಿಯಲ್ಲಿ ಕೇಳಿ ಬಾಯಿಗೆ ಬಂದವರೇ ಹೆಚ್ಚು. ಎಲ್ಲರೂ ಜನ್ನಿ ಎಂದೇ ಕರೆಯುವ ಜನಾರ್ಧನ್, ಮುಂದೆ ಮೈಸೂರು ರಂಗಾಯಣದ ನಿರ್ದೇಶಕರಾದವರು, ಆ ಹಾಡುಗಳನ್ನು ಎತ್ತಿ ಹಾಡಿದರೆ ಸಭೆ ಎದ್ದು ನಿಲ್ಲುತ್ತಿತ್ತು. ಪಿಟೀಲಿಲ್ಲ, ಹಾರ್ಮೋನಿಯಂ ಇಲ್ಲ, ಒಂದು ತಮಟೆ ಸಾಕು. ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಅದನ್ನೇ ಹಾಡುತ್ತಾ ಹೋಗುತ್ತಿದ್ದರು. ಇಲ್ಲಿ 'ಇದು ಅಸಲಿಯೇ' ಎಂಬ ಪ್ರಶ್ನೆ ಏಳುವುದೇ ಇಲ್ಲ. ಹಾಡಿದವನಿಗೆ ಕೂಲಿ ತಪ್ಪಬಹುದು, ಏಟು ಬೀಳಬಹುದು. 1993ರ ಮಾರ್ಚಿನಲ್ಲಿ ಇದೇ ತಾಲ್ಲೂಕಿನ ಬದನವಾಳಿನಲ್ಲಿ, ದೇವಸ್ಥಾನದ ಪ್ರವೇಶದಿಂದ ಶುರುವಾದ ವೈಷಮ್ಯಕ್ಕೆ ಮೂವರು ದಲಿತರ ಕೊಲೆಯಾಯಿತು. 1927ರಲ್ಲಿ ಗಾಂಧೀಜಿ ಬಂದು ಹೋದ ಊರು, ಖಾದಿ ಕೇಂದ್ರದ ಊರು. ಆ ವರ್ಷ ನಡೆದ ಪ್ರತಿಭಟನೆಯ ಸಭೆಯೊಂದರಲ್ಲಿ ತಮಟೆಯ ಜೊತೆ ಆ ಹಾಡುಗಳನ್ನು ಕೇಳಿದಾಗ ನನಗೆ ಮೈ ನಡುಗಿತ್ತು. ಗೋಕಾಕ್ ವ್ಯಾನಿನ ಹಾಡಿಗೆ ಬಾಗಿಲಲ್ಲಿ ನಿಂತು ಕಿವಿ ಕೊಟ್ಟಿದ್ದೆವು. ಈ ಹಾಡಿಗೆ ಎಷ್ಟೋ ಬೀದಿಗಳಲ್ಲಿ ಬಾಗಿಲು ಹಾಕಿಕೊಂಡರು. ಕನ್ನಡ ಎರಡರದೂ ಒಂದೇ.

ಮಜಾ ಏನೆಂದರೆ ಗಾಳಿಯ ಗಾದೆ ಕೊನೆಗೆ ಸಿದ್ಧಲಿಂಗಯ್ಯನವರನ್ನೂ ಬಿಡಲಿಲ್ಲ. ಆಪಾದನೆಯ ದಿಕ್ಕು ಮಾತ್ರ ತಿರುಗುಮುರುಗಾಯಿತು. ರಾಜಕುಮಾರರು ಸಿನಿಮಾದಿಂದ ಚಳವಳಿಗೆ ಬಂದದ್ದಕ್ಕೆ ಅನುಮಾನ. ಇವರು ಚಳವಳಿಯಿಂದ ಸಿನಿಮಾಕ್ಕೆ ಹೋದದ್ದಕ್ಕೆ ಅನುಮಾನ. 1983ರಲ್ಲಿ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಅವರೊಂದು ಪ್ರೇಮಗೀತೆ ಕೊಟ್ಟರು. ಕಿಚ್ಚಿನ ಕವಿ ಗೆಳತಿಯ ಮೇಲೆ ಹಾಡು ಬರೆದ ಎಂದು ಕೆಲವರಿಗೆ ಕಸಿವಿಸಿ. ಮುಂದೆ ವಿಧಾನ ಪರಿಷತ್ತಿಗೆ ಹೋದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, ಕಸಿವಿಸಿ ಇನ್ನೂ ಹೆಚ್ಚಿತು. ನನಗೆ ಆ ಪ್ರೇಮಗೀತೆ ಬಹಳ ಇಷ್ಟ. ಬೇಡಿಯ ಬಗ್ಗೆ ಬರೆದವನು ಬೆಳದಿಂಗಳ ಬಗ್ಗೆ ಬರೆಯಬಾರದು ಎಂದರೆ ಅವನಿಗೆ ಹೊಸದೊಂದು ಬೇಡಿ ತೊಡಿಸಿದ ಹಾಗೆಯೇ ಅಲ್ಲವೇ? ಪದವಿಗಳ ವಿಷಯ ಬೇರೆ, ಅಲ್ಲಿ ಕಸಿವಿಸಿ ಪಟ್ಟವರ ಜೊತೆ ನಾನೂ ಸ್ವಲ್ಪ ಇದ್ದೆ. ಅವರು 2021ರಲ್ಲಿ ತೀರಿಕೊಂಡಾಗ ನಮ್ಮ ಶಾಲೆಯ ಹುಡುಗಿಯೊಬ್ಬಳು ಅವರ ಹಾಡೊಂದನ್ನು ಫೋನಿನಲ್ಲಿ ಹಾಡಿ ನನಗೆ ಕಳಿಸಿದಳು. ಅವಳ ಅಜ್ಜ ತಮಟೆ ಬಾರಿಸಿದವರಂತೆ. ಅವಳಿಗೆ ಪದವಿಗಳ ಸುದ್ದಿ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಈ ಇಡೀ ಗೊಂದಲ ಓದಿದವರಾದ ನಮಗೆ ಮಾತ್ರ ಇದೆಯೋ ಏನೋ. ನರಸೀಪುರದ ಕಡೆಯ ಒಬ್ಬ ನೀಲಗಾರರು ನಮ್ಮವ್ವನ ಹರಕೆ ತೀರಿಸಲು ಬರುತ್ತಿದ್ದರು. ರಾತ್ರಿ ಊಟವಾದ ಮೇಲೆ ತಂಬೂರಿ, ಗಗ್ಗರ, ಡಕ್ಕೆಗಳ ಜೊತೆ ಕೂತರೆ ಮಂಟೇಸ್ವಾಮಿಯ ಕಥೆ ಕೋಳಿ ಕೂಗುವವರೆಗೆ ನಡೆಯುತ್ತಿತ್ತು. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಮನೆಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ ಬಂದಾಗ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅದೇ ನೀಲಗಾರರು ಚುನಾವಣೆ ಬಂದರೆ ಜೀಪಿನಲ್ಲಿ ಕೂತು ಅದೇ ಮಟ್ಟಿನಲ್ಲಿ ಅಭ್ಯರ್ಥಿಯ ಹೆಸರು ಸೇರಿಸಿ ಹಾಡುತ್ತಿದ್ದರು. ಒಂದು ಸಲ ಒಂದು ಪಕ್ಷ, ಮುಂದಿನ ಸಲ ಇನ್ನೊಂದು. ಬಿ.ಎಡ್. ಮುಗಿಸಿ ಬಂದ ಹೊಸತು, ನಾನು ಸ್ವಲ್ಪ ಗತ್ತಿನಿಂದಲೇ ಕೇಳಿದೆ, ಇದು ಸರಿಯೇ ಅಂತ. ಅವರು ಎಲೆ ಅಡಿಕೆ ಮೆಲ್ಲುತ್ತಾ, "ತಾಯಿ, ಅದು ಕೂಲಿ ಪದ, ಇದು ಹರಕೆ ಪದ. ಕೂಲಿ ಪದಕ್ಕೆ ಗುರುವಿನ ಹೆಸರು ಎತ್ತಾಕಿಲ್ಲ ನಾವು" ಎಂದರು. ಅವರಿಗೆ ಗೆರೆ ಎಲ್ಲಿದೆ ಎಂಬುದು ಸ್ಪಷ್ಟವಾಗಿತ್ತು. ನಮ್ಮ ಹೊಸ ಕಾಲದ ಕಲಾವಿದರ ಕಷ್ಟವೆಂದರೆ ಕೂಲಿ ಪದದಲ್ಲೇ ಹರಕೆಯನ್ನೂ ತೀರಿಸಬೇಕು. ಸಿನಿಮಾ ಆಗಲಿ, ಬ್ಯಾಂಡ್ ಆಗಲಿ, ಅದಕ್ಕೆ ಬೇರೆ ಜಾಗವಿಲ್ಲ.

ಕೂಲಿ ಪದದಲ್ಲಿ ಹರಕೆ ತೀರಬಹುದು ಎಂಬುದಕ್ಕೂ ರಾಜಕುಮಾರರೇ ಉದಾಹರಣೆ. 1992ರಲ್ಲಿ 'ಜೀವನ ಚೈತ್ರ' ಬಂತು, ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿ ಆಧರಿಸಿದ್ದು. ಊರಿನ ಹೆಂಡದಂಗಡಿಯ ವಿರುದ್ಧ ನಿಲ್ಲುವ ಜಮೀನ್ದಾರನ ಕಥೆ. ಅದರಲ್ಲಿ ನಾದವನ್ನು ಕುರಿತ ಹಾಡಿಗೆ ಅವರಿಗೆ ಗಾಯಕನೆಂದು ರಾಷ್ಟ್ರಪ್ರಶಸ್ತಿಯೂ ಬಂತು. ನನ್ನ ನೆನಪಿರುವುದು ಪ್ರಶಸ್ತಿಯಲ್ಲ. ನಂಜನಗೂಡಿನಲ್ಲಿ ಆ ಚಿತ್ರ ನೋಡಲು ಸುತ್ತಲ ಹಳ್ಳಿಗಳಿಂದ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಚಿತ್ರ ಬಿಟ್ಟ ಮೇಲೆ ಬಸ್ ನಿಲ್ದಾಣದ ಕಟ್ಟೆಯಲ್ಲಿ ಕೂತು ತಂತಮ್ಮ ಊರಿನ ಸಾರಾಯಿ ಅಂಗಡಿಗಳನ್ನು ಹೆಸರು ಹಿಡಿದು ಶಪಿಸುತ್ತಿದ್ದರು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ, ಅದಕ್ಕೆ ಬೇರೆ ಬೇರೆ ಹೋರಾಟಗಳು ಕಾರಣ. ಒಂದು ಸಿನಿಮಾದಿಂದ ಆಯಿತೆಂದು ನಾನು ಹೇಳುತ್ತಿಲ್ಲ. ಆ ಕಟ್ಟೆಯ ಮೇಲಿನ ಬೈಗುಳ ನಿಜವಾದದ್ದು, ಅಷ್ಟೇ.

ಹಾಡುಗಾರನ ಪ್ರಾಮಾಣಿಕತೆ ಒಂದು, ಹಾಡು ಎಬ್ಬಿಸಿದ ಗುಂಪು ಏನು ಮಾಡುತ್ತದೆ ಎಂಬುದು ಇನ್ನೊಂದು. ಗೋಕಾಕ್ ಚಳವಳಿ ಬೆಳೆಸಿದ ಅಭಿಮಾನಿ ಸಂಘಗಳ ಕಾಲದಲ್ಲೇ 1991ರ ಡಿಸೆಂಬರ್ ಬಂತು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಸಿಟ್ಟು ಬೆಂಗಳೂರಿನಲ್ಲೂ ನಮ್ಮ ಮೈಸೂರು ಭಾಗದಲ್ಲೂ ತಮಿಳರ ಮನೆಗಳ ಮೇಲೆ ತಿರುಗಿತು. ಕಾವೇರಿಯ ದಡದಲ್ಲೇ ಹುಟ್ಟಿ ಬೆಳೆದ ನನಗೆ ನೀರಿನ ಬೆಲೆ ಗೊತ್ತು. ಆದರೂ ನಮ್ಮ ಬೀದಿಯಲ್ಲಿ ಇಡ್ಲಿ ಮಾರುತ್ತಿದ್ದ ತಮಿಳು ಅಜ್ಜಿ ಮೂರು ದಿನ ಹಿಂಬಾಗಿಲಲ್ಲಿ ನಮ್ಮ ಮನೆಗೆ ಬಂದು ಅವ್ವನ ಪಕ್ಕ ಮಲಗಿದ್ದಳು. ಹೊರಗೆ ಮೈಕಿನಲ್ಲಿ ಬರುತ್ತಿದ್ದವು ನಾವು ಪ್ರೀತಿಸಿದ ಹಾಡುಗಳೇ. ಅವ್ವ ಆ ದಿನ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ.

ಇನ್ನು ಯಾವುದಕ್ಕಾಗಿ ಹಾಡಿದರೋ ಆ ಶಾಲೆಯ ವಿಷಯ. 1982ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ನಮ್ಮೂರಿನಲ್ಲಿ ಪಟಾಕಿ ಹಾರಿಸಿದರು. ಆದೇಶ ಕೋರ್ಟಿಗೆ ಹೋಯಿತು. ಕನ್ನಡವೊಂದೇ ಪ್ರಥಮ ಭಾಷೆ ಎಂಬ ಕಟ್ಟನ್ನು 1989ರಲ್ಲಿ ಹೈಕೋರ್ಟು ಒಪ್ಪಲಿಲ್ಲ. 1994ರಲ್ಲಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದು ಸರ್ಕಾರ ಹೊಸ ನೀತಿ ತಂದಿತು. ಅದು ಇಪ್ಪತ್ತು ವರ್ಷ ಕೋರ್ಟಿನಲ್ಲಿ ಎಳೆದಾಡಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮವನ್ನು ಹೇರುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು ಹೇಳಿತು. ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಎಲ್ಲ ಶಾಲೆಗಳಲ್ಲಿ ಕಲಿಸಬೇಕೆಂಬ ಕಾನೂನು 2015ರಲ್ಲಿ ಬಂತು. ಅಂದರೆ ಗೋಕಾಕ್ ವರದಿ ಬಂದು ಮೂವತ್ತನಾಲ್ಕು ವರ್ಷಕ್ಕೆ.

ಆ ಮಧ್ಯೆ 1993ರಲ್ಲಿ 'ಆಕಸ್ಮಿಕ' ಚಿತ್ರಕ್ಕೆ ಹಂಸಲೇಖ ಬರೆದು ರಾಗ ಹಾಕಿದ, ಕನ್ನಡ ನಾಡಿನಲ್ಲಿ ಹುಟ್ಟುವ ಭಾಗ್ಯದ ಹಾಡು ಬಂತು. ರಾಜಕುಮಾರರು ಜಟಕಾ ಓಡಿಸುತ್ತಾ ಹಾಡಿದ ಆ ಹಾಡಿಲ್ಲದೆ ರಾಜ್ಯೋತ್ಸವ ಇಲ್ಲ. ಪ್ರತಿ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಇಂಗ್ಲಿಷ್ ಮಾಧ್ಯಮ ಶಾಲೆಗಳ ಮಕ್ಕಳು ಅದಕ್ಕೆ ಎಷ್ಟು ಚೆಂದ ಕುಣಿಯುತ್ತಾರೆಂದರೆ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಎರಡನೇ ಬಹುಮಾನವೇ ಗತಿ. ಅವರ ಪೋಷಾಕು ಮೈಸೂರಿನಿಂದ ಬಾಡಿಗೆಗೆ ಬರುತ್ತದೆ.

ಇದನ್ನೆಲ್ಲ ನೋಡಿದವಳಿಗೆ ಇನ್ನೊಂದು ಬಗೆಯ ಕಲಾವಿದ ನೆನಪಾಗುತ್ತಾರೆ. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವರು. ಹಾಡುಗಾರರಲ್ಲ, ಆದರೆ 'ಕುಸುಮಬಾಲೆ'ಯನ್ನು ಜೋರಾಗಿ ಓದಿ ನೋಡಿ, ಅದು ನಮ್ಮ ಕಡೆಯ ಪದವೇ. ಸುಪ್ರೀಂ ಕೋರ್ಟಿನ ತೀರ್ಪಿನ ಮರುವರ್ಷ, 2015ರಲ್ಲಿ, ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಎಂದು ಕೇಳಿದಾಗ, ಮೊದಲು ಕನ್ನಡ ಮಾಧ್ಯಮದ ಪ್ರಶ್ನೆ ಬಗೆಹರಿಯಲಿ ಎಂದು ಒಲ್ಲೆನೆಂದರು. ಆ ಪೀಠದಲ್ಲಿ ಕೂತವರು ಸಿದ್ಧಲಿಂಗಯ್ಯನವರು. ಒಂದೇ ಚಳವಳಿಯಲ್ಲಿ ಬೆಳೆದ ಇಬ್ಬರು, ಒಬ್ಬರು ಬೇಡವೆಂದರು, ಒಬ್ಬರು ಒಪ್ಪಿ ಕೂತು ಹೇಳಬೇಕಾದ್ದನ್ನು ಹೇಳಿದರು. ನನ್ನ ಒಲವು ಬೇಡವೆಂದವರ ಕಡೆ. ಹಾಗೆಂದು ಕೂತವರ ಹಾಡು ನನ್ನ ತರಗತಿಯಲ್ಲಿ ನಿಂತಿಲ್ಲ.

ತಂಗಿಯ ಮಗನಿಗೆ ಇಷ್ಟನ್ನೂ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. ಪಕ್ಷ ಕಟ್ಟಲಿಲ್ಲ ಎಂಬುದೊಂದೇ ಸಾಕ್ಷಿಯೇ ದೊಡ್ಡಮ್ಮ, ಸುಮ್ಮನಿದ್ದುದೂ ಒಂದು ಲೆಕ್ಕಾಚಾರ ಇರಬಹುದಲ್ಲ, 1982ರಲ್ಲಿ ಅಷ್ಟು ಜನ ಕೂಡಿಸಿದವರು ಹೈಕೋರ್ಟಿನ ತೀರ್ಪು ಬಂದ 1989ರಲ್ಲಿ ಮತ್ತೆ ಯಾಕೆ ಹಾಗೆ ಬೀದಿಗೆ ಬರಲಿಲ್ಲ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಅದನ್ನು ರಾಜಕುಮಾರರೊಬ್ಬರಿಗೇ ಕೇಳುವುದು ನನಗೆ ಸರಿ ಕಾಣಲಿಲ್ಲ. ಆ ಬೇಸಿಗೆಯಲ್ಲಿ ವ್ಯಾನಿನ ಹಿಂದೆ ಓಡಿದ ನಮ್ಮ ಕೇರಿಯ ಹುಡುಗರಲ್ಲಿ ಇಬ್ಬರು ಇವತ್ತು ಶಾಲೆ ನಡೆಸುತ್ತಾರೆ. ಎರಡೂ ಇಂಗ್ಲಿಷ್ ಮಾಧ್ಯಮದವು. ಒಂದರ ಗೇಟಿನ ಪಕ್ಕದಲ್ಲಿ ರಾಜಕುಮಾರರ ಚಿತ್ರವಿದೆ, ಪ್ರತಿ ಏಪ್ರಿಲ್ 24ರಂದು ಹೂವಿನ ಹಾರ ಬೀಳುತ್ತದೆ.

ನಾನು ಕೆಲಸ ಮಾಡುವ ಶಾಲೆಯಲ್ಲಿ ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ನಾನು ಸೇರಿದಾಗ ಎರಡು ವಿಭಾಗ ಇದ್ದವು. ಈಗ ಒಂದಿದೆ, ಅದರಲ್ಲೂ ಕೊನೆಯ ಎರಡು ಬೆಂಚು ಖಾಲಿ. ಕಳೆದ ಜೂನ್‌ನಲ್ಲಿ ಮಕ್ಕಳನ್ನು ಸೇರಿಸಿ ಎಂದು ನಾವು ನಾಲ್ವರು ಶಿಕ್ಷಕಿಯರು ಮನೆ ಮನೆಗೆ ಹೋದೆವು. ಜೊತೆಗೊಂದು ಆಟೋ, ಅದರ ಮೇಲೊಂದು ಮೈಕು. ಮಾತು ಶುರು ಮಾಡುವ ಮುಂಚೆ ಜನ ಹೊರಗೆ ಬರಲಿ ಎಂದು ಆಟೋದ ಹುಡುಗ ಒಂದು ಹಾಡು ಹಾಕಿದ.